ವಧುವಿಗೊಂದು ಕನ್ನಡಿ, ವರನಿಗೆ?

ಹೆಣ್ಣು ಮಕ್ಕಳ ಕೈಗೆ ಕೊಡಬಹುದಾದ ಉರ್ದು ಪುಸ್ತಕ ಸಿಗದಿದ್ದಾಗ ಡೆಪ್ಯುಟಿ ನಝೀರ್ ಅಹ್ಮದ್ ತಾವೇ ಒಂದು ಕತೆ ಬರೆದರು. 1869ರಲ್ಲಿ ಪ್ರಕಟವಾದ 'ಮಿರಾತುಲ್ ಉರೂಸ್' ಅದು. ವಧುವಿನ ಕನ್ನಡಿ ಎಂದರ್ಥ. ಸರಕಾರ ಅದಕ್ಕೆ ಸಾವಿರ ರೂಪಾಯಿ ಬಹುಮಾನ ಕೊಟ್ಟಿತು. ತಲೆಮಾರುಗಳ ಹುಡುಗಿಯರು ಅದನ್ನೋದಿ ಬೆಳೆದರು.

ದಿಲ್ಲಿಯ ಅಕ್ಕತಂಗಿಯರಾದ ಅಕ್ಬರಿ, ಅಸ್ಗರಿ ಒಂದೇ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾಗುತ್ತಾರೆ. ಮುದ್ದಿನಿಂದ ಕೆಟ್ಟ ಅಕ್ಬರಿ ಅತ್ತೆಯೊಡನೆ ಜಗಳವಾಡಿ ಬೇರೆ ಮನೆ ಮಾಡುತ್ತಾಳೆ, ವಂಚಕಿಯೊಬ್ಬಳ ಮಾತಿಗೆ ಮರುಳಾಗಿ ಒಡವೆ ಕಳೆದುಕೊಳ್ಳುತ್ತಾಳೆ. ಓದು ಬರಹ ಬಲ್ಲ ಅಸ್ಗರಿ ಕೆಲಸದಾಕೆಯ ಕಳ್ಳಲೆಕ್ಕ ಹಿಡಿಯುತ್ತಾಳೆ, ಗಂಡನನ್ನು ಉದ್ಯೋಗಕ್ಕೆ ಹಚ್ಚುತ್ತಾಳೆ, ಮನೆಯಲ್ಲೇ ಹುಡುಗಿಯರಿಗೆ ಪಾಠ ಹೇಳುತ್ತಾಳೆ. ಹೆಣ್ಣಿಗೆ ಅಕ್ಷರವೇ ಬೇಡವೆನ್ನುತ್ತಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಮನೆ ಮುರಿದರೆ ಸೊಸೆಯ ದೋಷ, ಉಳಿದರೆ ಸೊಸೆಯ ಜಾಣ್ಮೆ. ಗಂಡನ ಪಾಲೇನು? ಸಿಯಾಲ್‌ಕೋಟ್‌ನಲ್ಲಿ ದುಸ್ಸಹವಾಸಕ್ಕೆ ಬಿದ್ದ ಗಂಡನನ್ನು ತಿದ್ದಲೂ ಅಸ್ಗರಿಯೇ ಅಲ್ಲಿಗೆ ಹೋಗಬೇಕಾಗುತ್ತದೆ! ಪ್ರವಾದಿ(ಸ) ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿರುವುದು ಬುಖಾರಿಯಲ್ಲಿದೆ. ಹುಡುಗರಿಗಾಗಿ ಬರೆದ ಕತೆಗಳಲ್ಲಿ ಈ ಸುನ್ನತ್ ಎಷ್ಟು ಸಲ ಬಂದಿದೆ? ಸೊಸೆ ಹುಡುಕುವಾಗ ಮಾತ್ರ ನಮಗೆ ಅಸ್ಗರಿಯ ನೆನಪಾಗುತ್ತದೆ.

ಈ ಪ್ರಶ್ನೆಯನ್ನು ಬಂಗಾಳದ ರುಕಿಯಾ ಸಖಾವತ್ ಹುಸೈನ್ ನಗುತ್ತಲೇ ಕೇಳಿದರು. 1905ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಬಂದ ಅವರ 'ಸುಲ್ತಾನಾಳ ಕನಸು' ಕತೆಯಲ್ಲಿ ಗಂಡಸರು ಒಳಮನೆಯಲ್ಲಿ ಅಡುಗೆ ಮಾಡುತ್ತಾ, ಮಕ್ಕಳನ್ನು ನೋಡಿಕೊಳ್ಳುತ್ತಾ ಇರುತ್ತಾರೆ; ರಾಜ್ಯಭಾರ ಹೆಂಗಸರದ್ದು. ಅತಿಯಾಯಿತು ಎನ್ನುವವರಿದ್ದಾರೆ. ಅಸ್ಗರಿ ಕತೆಯಲ್ಲಿ ನಡೆಸಿದಂಥ ಶಾಲೆಯನ್ನು ಅವರು 1911ರಲ್ಲಿ ಕಲ್ಕತ್ತದಲ್ಲಿ ನಿಜವಾಗಿಯೇ ತೆರೆದು, ವಿದ್ಯಾರ್ಥಿನಿಯರಿಗಾಗಿ ಮನೆ ಮನೆ ಅಲೆದರು.