ರಿಪ್ಲಿ ಸುತ್ತಲಿನ ಸೈಕಲ್ ಮಾರ್ಗಗಳು

ರಿಪ್ಲಿ ಇಂಗ್ಲೆಂಡಿನ ಸರ್ರೆ ಕೌಂಟಿಯಲ್ಲಿರುವ ಒಂದು ಸಣ್ಣ ಗ್ರಾಮ. ಇದು ಲಂಡನ್ನಿನ ನೈರುತ್ಯಕ್ಕೆ ಸುಮಾರು 37 ಕಿ.ಮೀ. ದೂರದಲ್ಲಿ, ಲಂಡನ್ನಿನಿಂದ ಪೋರ್ಟ್ಸ್‌ಮತ್ ಬಂದರಿಗೆ ಹೋಗುವ ಹಳೆಯ ಹೆದ್ದಾರಿಯ ಮೇಲಿದೆ. 19ನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಲಂಡನ್ನಿನ ಸೈಕಲ್ ಸವಾರರು ವಾರದ ಕೊನೆಯಲ್ಲಿ ಇಲ್ಲಿಗೆ ಬರುತ್ತಿದ್ದರು. ಅದರಿಂದಾಗಿ ಈ ಊರಿಗೆ ‘ಸೈಕಲ್ ಸವಾರರ ಮೆಕ್ಕಾ’ ಎಂಬ ಹೆಸರು ಬಂದಿತು. ಇಂದಿಗೂ ಗ್ರಾಮದ ಸುತ್ತಲಿನ ರಸ್ತೆಗಳು ಸವಾರರನ್ನು ಸೆಳೆಯುತ್ತವೆ. ರಸ್ತೆಯ ಮೇಲೆ ಯಾರಿಗೆ ಎಷ್ಟು ಹಕ್ಕಿದೆ ಎಂಬ ಪ್ರಶ್ನೆಯೂ ಈ ಪ್ರದೇಶದಲ್ಲಿ ಮತ್ತೆ ಮತ್ತೆ ಎದ್ದಿದೆ.

ಭೌಗೋಳಿಕ ಹಿನ್ನೆಲೆ

ರಿಪ್ಲಿ ಗ್ರಾಮವು ವೇ ನದಿಯ ಬಯಲಿನಲ್ಲಿದೆ. ಇದರ ಉತ್ತರಕ್ಕೆ ನದಿ, ಕಾಲುವೆ ಮತ್ತು ಹುಲ್ಲುಗಾವಲುಗಳಿರುವ ಸಮತಟ್ಟಾದ ನೆಲವಿದೆ. ದಕ್ಷಿಣಕ್ಕೆ ಹೋದಂತೆ ನೆಲವು ನಿಧಾನವಾಗಿ ಏರುತ್ತಾ ನಾರ್ತ್ ಡೌನ್ಸ್ ಎಂಬ ಸೀಮೆಸುಣ್ಣದ ಕಲ್ಲಿನ ಬೆಟ್ಟಸಾಲನ್ನು ಸೇರುತ್ತದೆ. ಈ ಸಾಲಿನ ಉತ್ತರದ ಇಳಿಜಾರು ಉದ್ದವಾಗಿ ಸೌಮ್ಯವಾಗಿದ್ದರೆ, ದಕ್ಷಿಣದ ಮಗ್ಗುಲು ಕಡಿದಾಗಿದೆ. ಆದ್ದರಿಂದ ರಿಪ್ಲಿಯಿಂದ ಹೊರಟವರಿಗೆ ಹೋಗುವಾಗಿನ ಏರು ಸಾಮಾನ್ಯವಾಗಿ ಸುಲಭವೆನಿಸುತ್ತದೆ, ಮರಳುವಾಗಿನ ಏರು ಕಷ್ಟವಾಗುತ್ತದೆ. ಬೆಟ್ಟಸಾಲಿನಾಚೆ ಟಿಲ್ಲಿಂಗ್‌ಬೋರ್ನ್ ಎಂಬ ತೊರೆಯ ಕಣಿವೆಯೂ, ಅದರ ದಕ್ಷಿಣಕ್ಕೆ ಮರಳುಗಲ್ಲಿನ ಗುಡ್ಡಗಳೂ ಇವೆ. ಈ ಗುಡ್ಡಗಳಲ್ಲೊಂದಾದ ಲೀತ್ ಹಿಲ್ (294 ಮೀ.) ಸರ್ರೆಯ ಅತ್ಯಂತ ಎತ್ತರದ ಸ್ಥಳ. ಈ ಬೆಟ್ಟಪ್ರದೇಶವನ್ನು 1958ರಲ್ಲಿ ವಿಶೇಷ ನಿಸರ್ಗ ಸೌಂದರ್ಯದ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು.

ಇತಿಹಾಸ

1870ರ ದಶಕದಲ್ಲಿ ದೊಡ್ಡ ಮುಂಗಾಲಿಯ ಸೈಕಲ್ಲುಗಳು ಬಳಕೆಗೆ ಬಂದವು. ಅವುಗಳ ಚಕ್ರಕ್ಕೆ ಗಟ್ಟಿ ರಬ್ಬರಿನ ಪಟ್ಟಿ ಇರುತ್ತಿದ್ದುದರಿಂದ ರಸ್ತೆಯ ಗುಣಮಟ್ಟವೇ ಪ್ರಯಾಣದ ಸುಖವನ್ನು ನಿರ್ಧರಿಸುತ್ತಿತ್ತು. ಲಂಡನ್ನಿನಿಂದ ಎಷರ್, ಕೋಬಮ್ ಮೂಲಕ ರಿಪ್ಲಿಗೆ ಬರುವ ದಾರಿ ನುಣುಪಾಗಿತ್ತು, ಹೆಚ್ಚಿನ ಏರುಗಳೂ ಇರಲಿಲ್ಲ. ಒಂದೇ ದಿನದಲ್ಲಿ ಹೋಗಿ ಬರಲು ಈ ದೂರ ತಕ್ಕುದಾಗಿತ್ತು. ಕ್ರಮೇಣ ಇದು ‘ರಿಪ್ಲಿ ರಸ್ತೆ’ ಎಂದೇ ಪ್ರಸಿದ್ಧವಾಯಿತು. ರೈಲುಗಳಿಂದಾಗಿ ಕುದುರೆಗಾಡಿಗಳ ಸಂಚಾರ ಕುಗ್ಗಿ ಕಳೆಗುಂದಿದ್ದ ಹೆದ್ದಾರಿಯ ಛತ್ರಗಳಿಗೆ ಸವಾರರಿಂದ ಮತ್ತೆ ವ್ಯಾಪಾರ ದೊರೆಯಿತು.

ಗ್ರಾಮದ ‘ಆಂಕರ್’ ಎಂಬ ಹಳೆಯ ಛತ್ರ ಸವಾರರ ಮುಖ್ಯ ತಂಗುದಾಣವಾಗಿತ್ತು. ಅದನ್ನು ನಡೆಸುತ್ತಿದ್ದ ಡಿಬಲ್ ಕುಟುಂಬದ ಸಹೋದರಿಯರಾದ ಆನಿ ಮತ್ತು ಹ್ಯಾರಿಯೆಟ್ ಸವಾರರಲ್ಲಿ ಜನಪ್ರಿಯರಾಗಿದ್ದರು. ಬಂದವರು ಅಲ್ಲಿನ ಸಂದರ್ಶಕರ ಪುಸ್ತಕದಲ್ಲಿ ಸಹಿ ಮಾಡುವುದು ವಾಡಿಕೆಯಾಗಿತ್ತು. ಗ್ರಾಮದ ಸೇಂಟ್ ಮೇರಿ ಮ್ಯಾಗ್ಡಲೆನ್ ಚರ್ಚಿನಲ್ಲಿ ಡಿಬಲ್ ಕುಟುಂಬದ ನೆನಪಿನ ಗುರುತುಗಳಿವೆ. ಒಂದು ಗಂಟೆಯಲ್ಲಿ 20 ಮೈಲಿ ಕ್ರಮಿಸಿದ ಮೊದಲ ಸವಾರನೆಂದು 1882ರಲ್ಲಿ ಹೆಸರಾದ ಹರ್ಬರ್ಟ್ ಲಿಡೆಲ್ ಕಾರ್ಟಿಸ್‌ನ ಸ್ಮಾರಕವೂ ಅಲ್ಲಿದೆ.

1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದ, ಬಹುತೇಕ ಸಮಾನ ಗಾತ್ರದ ಚಕ್ರಗಳ ‘ರೋವರ್’ ಸೈಕಲ್ ಮತ್ತು 1888ರಲ್ಲಿ ಡನ್ಲಪ್ ತಯಾರಿಸಿದ ಗಾಳಿ ತುಂಬಿದ ಟೈರು ಸವಾರಿಯನ್ನು ಸುಲಭಗೊಳಿಸಿದವು. ಮಹಿಳೆಯರು ಮತ್ತು ಸಾಮಾನ್ಯ ನೌಕರರು ಕೂಡ ರಸ್ತೆಗಿಳಿದರು. ಎಚ್. ಜಿ. ವೆಲ್ಸ್ 1896ರಲ್ಲಿ ಪ್ರಕಟಿಸಿದ ‘ದಿ ವೀಲ್ಸ್ ಆಫ್ ಚಾನ್ಸ್’ ಕಾದಂಬರಿಯ ನಾಯಕ ಬಟ್ಟೆ ಅಂಗಡಿಯ ಗುಮಾಸ್ತ. ರಜೆಯಲ್ಲಿ ಅವನು ಸೈಕಲ್ ಏರಿ ಹೊರಡುವುದು ಇದೇ ರಸ್ತೆಯಲ್ಲಿ.

ಓಕಮ್ ಪ್ರಕರಣ

ರಿಪ್ಲಿಯ ನೆರೆಯ ಓಕಮ್ ಗ್ರಾಮದ ‘ಹೋಬಾಯ್’ ಹೋಟೆಲಿನಲ್ಲಿ 1898ರ ಅಕ್ಟೋಬರಿನಲ್ಲಿ ನಡೆದ ಘಟನೆಯೊಂದು ಇಂಗ್ಲೆಂಡಿನಾದ್ಯಂತ ಚರ್ಚೆಗೆ ಕಾರಣವಾಯಿತು. ಮಹಿಳೆಯರ ಉಡುಪಿನ ಸುಧಾರಣೆಗಾಗಿ ಹೋರಾಡುತ್ತಿದ್ದ ಲೇಡಿ ಹಾರ್ಬರ್ಟನ್ ಸೈಕಲ್ಲಿನಲ್ಲಿ ಅಲ್ಲಿಗೆ ಊಟಕ್ಕೆ ಬಂದರು. ಅವರು ಉದ್ದನೆಯ ಲಂಗದ ಬದಲು ಸವಾರಿಗೆ ಅನುಕೂಲವಾದ ಸಡಿಲ ಚಲ್ಲಣ ಧರಿಸಿದ್ದರು. ಹೋಟೆಲಿನ ಒಡತಿ ಮಾರ್ಥಾ ಸ್ಪ್ರೇಗ್ ಅವರನ್ನು ಕಾಫಿ ಕೋಣೆಗೆ ಬಿಡದೆ, ಮದ್ಯದಂಗಡಿಗೆ ಸೇರಿದ ಕೋಣೆಯಲ್ಲಿ ಊಟ ಮಾಡಬಹುದೆಂದು ತಿಳಿಸಿದರು. ಲೇಡಿ ಹಾರ್ಬರ್ಟನ್ ಅದನ್ನು ಒಪ್ಪಲಿಲ್ಲ. ಪ್ರಯಾಣಿಕರಿಗೆ ಆಹಾರ ನೀಡುವುದು ಛತ್ರದವರ ಕಾನೂನುಬದ್ಧ ಕರ್ತವ್ಯವೆಂಬ ವಾದದೊಂದಿಗೆ ‘ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್’ ಮೊಕದ್ದಮೆ ಹೂಡಿತು. ಬೇರೊಂದು ಕೋಣೆಯಲ್ಲಿ ಊಟ ಕೊಡಲು ಒಡತಿ ಸಿದ್ಧಳಿದ್ದುದರಿಂದ ಅದು ನಿರಾಕರಣೆಯಾಗದು ಎಂಬ ನೆಲೆಯಲ್ಲಿ 1899ರಲ್ಲಿ ನ್ಯಾಯದರ್ಶಿ ಮಂಡಳಿಯು ಅವಳನ್ನು ನಿರ್ದೋಷಿಯೆಂದು ತೀರ್ಮಾನಿಸಿತು. ಕ್ಲಬ್ ಸೋತಿತಾದರೂ ಮಹಿಳಾ ಸವಾರರಿಗೆ ಎದುರಾಗುತ್ತಿದ್ದ ತಾರತಮ್ಯ ಈ ಪ್ರಕರಣದಿಂದ ಸಾರ್ವಜನಿಕರ ಗಮನಕ್ಕೆ ಬಂದಿತು.

ಪ್ರಮುಖ ಮಾರ್ಗಗಳು

ಲಂಡನ್ ಮಾರ್ಗ: ಹಳೆಯ ರಿಪ್ಲಿ ರಸ್ತೆಯ ಬಹುಭಾಗವನ್ನು ಇಂದು ಎ3 ಹೆದ್ದಾರಿ ನುಂಗಿಕೊಂಡಿದೆ. 1976ರಲ್ಲಿ ನಿರ್ಮಾಣವಾದ ಬೈಪಾಸ್ ರಸ್ತೆಯಿಂದ ಗ್ರಾಮದೊಳಗಿನ ದಟ್ಟಣೆ ಕಡಿಮೆಯಾಯಿತು. ಆದರೆ ವೇಗದ ವಾಹನಗಳು ತುಂಬಿದ ಹೆದ್ದಾರಿ ಸೈಕಲ್ಲಿಗೆ ಯೋಗ್ಯವಾಗಿ ಉಳಿಯಲಿಲ್ಲ. ಸವಾರರು ಕೋಬಮ್‌ನಿಂದ ಓಕಮ್ ಮೂಲಕ ಸಾಗುವ ಕಿರಿದಾದ ಗ್ರಾಮೀಣ ರಸ್ತೆಗಳನ್ನು ಆರಿಸಿಕೊಳ್ಳುತ್ತಾರೆ.

ನದಿ ಬಯಲಿನ ಮಾರ್ಗ: ರಿಪ್ಲಿಯಿಂದ ಉತ್ತರಕ್ಕೆ ಹೋಗುವ ನ್ಯೂವಾರ್ಕ್ ಲೇನ್ ವೇ ನದಿಯನ್ನೂ, 1653ರಲ್ಲಿ ತೆರೆಯಲಾದ ದೋಣಿ ಕಾಲುವೆಯನ್ನೂ ದಾಟಿ ಪೈರ್‌ಫರ್ಡ್ ತಲುಪುತ್ತದೆ. ದಾರಿಯಲ್ಲಿ ನ್ಯೂವಾರ್ಕ್ ಪ್ರಯರಿ ಎಂಬ ಮಧ್ಯಯುಗದ ಕ್ರೈಸ್ತ ಮಠದ ಅವಶೇಷಗಳು ಹೊಲಗಳ ನಡುವೆ ಕಾಣಿಸುತ್ತವೆ. ಪೈರ್‌ಫರ್ಡ್‌ನ ಚಿಕ್ಕ ದಿಬ್ಬವನ್ನು ಬಿಟ್ಟರೆ ಈ ದಾರಿ ಸಮತಟ್ಟಾಗಿದ್ದು ಹೊಸಬರಿಗೂ ಸೂಕ್ತವಾಗಿದೆ. ಸೇತುವೆಗಳು ಕಿರಿದಾಗಿರುವುದರಿಂದ ಎಚ್ಚರಿಕೆ ಅಗತ್ಯ.

ನ್ಯೂಲ್ಯಾಂಡ್ಸ್ ಕಾರ್ನರ್ ಮತ್ತು ಶಿಯರ್ ಮಾರ್ಗ: ವೆಸ್ಟ್ ಹಾರ್ಸ್ಲಿ ಮತ್ತು ಈಸ್ಟ್ ಕ್ಲಾಂಡನ್ ಮೂಲಕ ನಾರ್ತ್ ಡೌನ್ಸ್ ಏರಿದರೆ ನ್ಯೂಲ್ಯಾಂಡ್ಸ್ ಕಾರ್ನರ್ ಸಿಗುತ್ತದೆ. ಇಲ್ಲಿಂದ ದಕ್ಷಿಣದ ಕಣಿವೆಯ ವಿಶಾಲ ನೋಟ ಕಾಣುತ್ತದೆ. ಅಲ್ಲಿಂದ ಇಳಿದು ಶಿಯರ್, ಗಮ್‌ಷಲ್ ಗ್ರಾಮಗಳನ್ನು ಸೇರಿ, ಕೂಂಬ್ ಬಾಟಮ್ ಎಂಬ ಕಡಿದಾದ ಏರಿನ ಮೂಲಕ ಹಾರ್ಸ್ಲಿ ಕಡೆಗೆ ಮರಳಬಹುದು.

ಲೀತ್ ಹಿಲ್ ಮಾರ್ಗ: ಗಮ್‌ಷಲ್‌ನಿಂದ ಆಬಿಂಜರ್ ಹ್ಯಾಮರ್, ಹೋಮ್‌ಬರಿ ಸೇಂಟ್ ಮೇರಿ ಮೂಲಕ ಸಾಗುವ ಈ ದಾರಿ ಹೆಚ್ಚು ಶ್ರಮದಾಯಕ. ಶತಮಾನಗಳ ಗಾಡಿ ಸಂಚಾರ ಮತ್ತು ಮಳೆನೀರಿನಿಂದ ಸವೆದ ಇಲ್ಲಿನ ಹಲವು ರಸ್ತೆಗಳು ಇಕ್ಕೆಲದ ನೆಲಕ್ಕಿಂತ ತಗ್ಗಿನಲ್ಲಿದ್ದು, ಮರಗಳ ನೆರಳಿನಿಂದ ಮುಚ್ಚಿರುತ್ತವೆ.

ಬಾಕ್ಸ್ ಹಿಲ್ ಮಾರ್ಗ: ಪೂರ್ವದಲ್ಲಿ ಡಾರ್ಕಿಂಗ್ ಪಟ್ಟಣದ ಬಳಿ ಇರುವ ಬಾಕ್ಸ್ ಹಿಲ್‌ಗೆ ತಿರುವುಗಳಿಂದ ಕೂಡಿದ ಜಿಗ್‌ಜಾಗ್ ರಸ್ತೆ ಹೋಗುತ್ತದೆ. ಸುಮಾರು 2.5 ಕಿ.ಮೀ. ಉದ್ದದ ಈ ಏರಿನ ಸರಾಸರಿ ಇಳಿಜಾರು ಶೇ. 5ರಷ್ಟು. ಏರು ಒಂದೇ ಸಮನಾಗಿರುವುದರಿಂದ ಅಭ್ಯಾಸಕ್ಕಾಗಿ ಇಲ್ಲಿಗೆ ಬರುವವರು ಬಹಳ.

ಒಲಿಂಪಿಕ್ಸ್ ಮತ್ತು ನಂತರ

2012ರ ಲಂಡನ್ ಒಲಿಂಪಿಕ್ಸ್‌ನ ರಸ್ತೆ ಸೈಕಲ್ ಸ್ಪರ್ಧೆ ರಿಪ್ಲಿಯ ಮೂಲಕವೇ ಹಾದುಹೋಯಿತು. ಪುರುಷರು ಬಾಕ್ಸ್ ಹಿಲ್ ಸುತ್ತನ್ನು 9 ಬಾರಿ, ಮಹಿಳೆಯರು 2 ಬಾರಿ ಕ್ರಮಿಸಿದರು. ಕಝಾಕಸ್ತಾನದ ಅಲೆಕ್ಸಾಂಡರ್ ವಿನೊಕುರೊವ್ ಮತ್ತು ನೆದರ್ಲೆಂಡ್ಸ್‌ನ ಮರಿಯಾನ್ನೆ ವೋಸ್ ಚಿನ್ನದ ಪದಕ ಗೆದ್ದರು. ಮರುವರ್ಷ ಸಾರ್ವಜನಿಕರೂ ಭಾಗವಹಿಸಬಹುದಾದ 100 ಮೈಲಿಗಳ ‘ರೈಡ್‌ಲಂಡನ್–ಸರ್ರೆ’ ಸವಾರಿ ಆರಂಭವಾಯಿತು.

ಈ ಸವಾರಿಗಾಗಿ ವರ್ಷಕ್ಕೊಮ್ಮೆ ರಸ್ತೆಗಳನ್ನು ಮುಚ್ಚಬೇಕಾಗುತ್ತಿತ್ತು. ಮನೆಯಿಂದ ಹೊರಬರಲು ತೊಂದರೆಯಾಗುತ್ತದೆ, ವ್ಯಾಪಾರಕ್ಕೆ ನಷ್ಟವಾಗುತ್ತದೆ ಎಂದು ಸ್ಥಳೀಯರಲ್ಲಿ ಕೆಲವರು ವಿರೋಧಿಸಿದರು. ದತ್ತಿ ಸಂಸ್ಥೆಗಳಿಗೆ ಹಣ ಸಂಗ್ರಹವಾಗುತ್ತದೆ, ಪ್ರವಾಸೋದ್ಯಮ ಬೆಳೆಯುತ್ತದೆ ಎಂದು ಇನ್ನು ಕೆಲವರು ಬೆಂಬಲಿಸಿದರು. 2019ರ ಸವಾರಿಯೇ ಸರ್ರೆಯಲ್ಲಿ ಕೊನೆಯದಾಯಿತು. 2020ರಲ್ಲಿ ಕೌಂಟಿ ಆಡಳಿತ ಇದನ್ನು ಮುಂದುವರಿಸದಿರಲು ತೀರ್ಮಾನಿಸಿತು, 2022ರಲ್ಲಿ ಸವಾರಿ ಎಸೆಕ್ಸ್ ಕೌಂಟಿಗೆ ವರ್ಗವಾಯಿತು.

ಸುರಕ್ಷತೆ ಮತ್ತು ನಿಯಮಗಳು

1888ರ ಸ್ಥಳೀಯ ಆಡಳಿತ ಕಾಯಿದೆಯು ಸೈಕಲ್ಲನ್ನು ವಾಹನವೆಂದು ಪರಿಗಣಿಸಿದ್ದರಿಂದ ರಸ್ತೆಯ ಮೇಲೆ ಸವಾರರ ಸ್ಥಾನ ಕಾನೂನಿನಲ್ಲಿ ಸ್ಪಷ್ಟವಾಯಿತು. 2022ರ ಜನವರಿಯಲ್ಲಿ ಪರಿಷ್ಕರಿಸಲಾದ ಬ್ರಿಟನ್ನಿನ ಹೆದ್ದಾರಿ ಸಂಹಿತೆಯ ಪ್ರಕಾರ, ಗಂಟೆಗೆ 30 ಮೈಲಿವರೆಗಿನ ವೇಗದಲ್ಲಿ ಸೈಕಲ್ಲನ್ನು ಹಿಂದಿಕ್ಕುವ ವಾಹನ ಕನಿಷ್ಠ 1.5 ಮೀಟರ್ ಅಂತರ ಬಿಡಬೇಕು. ವೇಗ ಅದಕ್ಕಿಂತ ಹೆಚ್ಚಿದ್ದರೆ ಅಂತರವೂ ಹೆಚ್ಚಬೇಕು. ಇಬ್ಬರು ಸವಾರರು ಅಕ್ಕಪಕ್ಕದಲ್ಲಿ ಸಾಗಲು ಅವಕಾಶವಿದೆ. ಹಿಂದಿನ ವಾಹನಕ್ಕೆ ದಾರಿ ಬಿಡುವುದು ಸುರಕ್ಷಿತವೆನಿಸಿದಾಗ ಅವರು ಹಾಗೆ ಮಾಡಬೇಕು.

ಸರ್ರೆಯ ಕಿರುದಾರಿಗಳ ಎರಡೂ ಬದಿ ಎತ್ತರದ ಪೊದೆಬೇಲಿಗಳಿರುವುದರಿಂದ ತಿರುವಿನಾಚೆಯ ವಾಹನ, ಕುದುರೆ ಅಥವಾ ಪಾದಚಾರಿ ಕಾಣುವುದಿಲ್ಲ. ಮಳೆಯ ನಂತರ ಬೆಟ್ಟದಿಂದ ಕೊಚ್ಚಿಬರುವ ಚೂಪಾದ ಚಕಮಕಿ ಕಲ್ಲುಗಳು ಟೈರು ಪಂಕ್ಚರ್ ಆಗಲು ಸಾಮಾನ್ಯ ಕಾರಣ. ಶರತ್ಕಾಲದಲ್ಲಿ ಒದ್ದೆ ಎಲೆಗಳಿಂದ ಇಳಿಜಾರುಗಳು ಜಾರುತ್ತವೆ. ಹೀಗಾಗಿ ಇಳಿಯುವಾಗ ಕಣ್ಣಿಗೆ ಕಾಣುವಷ್ಟು ದೂರದೊಳಗೆ ಸೈಕಲ್ ನಿಲ್ಲಿಸಬಹುದಾದ ವೇಗವನ್ನೇ ಕಾಯ್ದುಕೊಳ್ಳುವುದು ಸೂಕ್ತ.