ಎಸ್ಪ್ರೆಸೊ ಮನೆಗೆ ಬಂದಾಗ ಮೊದಲ ದುಡ್ಡು ಯಾವುದಕ್ಕೆ?

ತಮಿಳುನಾಡಿನ ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಅಲ್ಲಿನ ಗಟ್ಟಿ ಎತ್ತುಗಳು. ಆಮೇಲೆ ಅಕ್ಕಿ ಗಿರಣಿ, ಕೊಬ್ಬರಿ ಒಣಗಿಸುವ ಕಣ, ತೆಂಗಿನೆಣ್ಣೆ ಮಿಲ್ಲು. ಇದು ಬಯಲುಸೀಮೆ, ಕಾಫಿ ಬೆಳೆಯುವ ನೆಲವಲ್ಲ. ಕಾಫಿ ತೋಟ ನೋಡಬೇಕಾದರೆ ಆನೈಮಲೆಯ ವಾಲ್ಪಾರೈಗೋ ಬಿಳಿಗಿರಿರಂಗನ ಬೆಟ್ಟಕ್ಕೋ ಹೋಗಬೇಕು. ಬೆಳೆಯದಿದ್ದರೇನು, ಕುಡಿಯುವುದರಲ್ಲಿ ಈ ಸೀಮೆ, ಅಂದರೆ ಕೊಂಗುನಾಡು, ಯಾರಿಗೂ ಕಡಿಮೆಯಿಲ್ಲ. ತಮಿಳರ ಮನೆಯಲ್ಲೂ, ಕೊಯಮತ್ತೂರು ಸುತ್ತಿನ ಕನ್ನಡ ಮನೆಮಾತಿನ ದೇವಾಂಗ ನೇಕಾರರ ಮನೆಯಲ್ಲೂ ಬೆಳಗಾಗುವುದು ಫಿಲ್ಟರ್ ಡಿಕಾಕ್ಷನ್ನಿನಿಂದಲೇ.

ಇಂಥ ಅಡುಗೆಮನೆಗಳಿಗೆ ಈಗ ಎಸ್ಪ್ರೆಸೊ ಯಂತ್ರ ಕಾಲಿಡುತ್ತಿದೆ. ಯಂತ್ರದ ಬೆನ್ನಿಗೇ ಉದ್ದನೆಯ ಪಟ್ಟಿಯೊಂದು ಬರುತ್ತದೆ: ಗ್ರೈಂಡರ್, ಪುಡಿ ಅಮುಕುವ ಟ್ಯಾಂಪರ್, ಸೂಜಿಗಳ ಉಪಕರಣ, ಪುಡಿಯ ಮೇಲಿಡುವ ಜಾಲರಿಯಾದ ಪಕ್ ಸ್ಕ್ರೀನ್, ಪುಡಿಯ ಬಟ್ಟಲನ್ನು ಹಿಡಿದಿಡುವ ಹಿಡಿಕೆಯ ತಳವಿಲ್ಲದ ಬಗೆ, ಅಂದರೆ ತಳವಿಲ್ಲದ ಪೋರ್ಟಾಫಿಲ್ಟರ್, ಹಾಲಿನ ಜಗ್, ಚರಟ ಕೊಡವುವ ಡಬ್ಬಿ. ಎಲ್ಲವನ್ನೂ ಒಟ್ಟಿಗೆ ಕೊಂಡರೆ ಖರ್ಚು ಯಂತ್ರದ ಬೆಲೆಯನ್ನೇ ಮೀರಬಹುದು. ಕಪ್ಪಿನ ರುಚಿಯನ್ನು ನಿಜವಾಗಿ ಬದಲಿಸುವುದು ಇವುಗಳಲ್ಲಿ ಮೂರೋ ನಾಲ್ಕೋ ಮಾತ್ರ.

ಯಾವುದು ಮುಖ್ಯ ಎಂದು ತಿಳಿಯಲು ಯಂತ್ರದೊಳಗೆ ನಡೆಯುವುದನ್ನು ಮೊದಲು ಅರಿಯಬೇಕು. 1901ರಲ್ಲಿ ಮಿಲಾನಿನ ಲುಯಿಜಿ ಬೆಝೆರಾ ಪೇಟೆಂಟ್ ಪಡೆದ ಯಂತ್ರ ಹಬೆಯ ಒತ್ತಡದಿಂದ ಕೆಲಸ ಮಾಡುತ್ತಿತ್ತು, ಆ ಒತ್ತಡ ಕಡಿಮೆಯೇ. ಎರಡನೇ ಮಹಾಯುದ್ಧದ ನಂತರ ಒತ್ತಡ ಹೆಚ್ಚಿಸಿದ ಅಕಿಲೆ ಗಾಜಿಯಾ ಅವರ ಸನ್ನೆಕೋಲಿನ ಯಂತ್ರ ಬಂದ ಮೇಲೆಯೇ ಹೊಂಬಣ್ಣದ ನೊರೆ, ಅಂದರೆ ಕ್ರೆಮಾ, ಎಸ್ಪ್ರೆಸೊದ ಗುರುತಾಯಿತು. 1961ರಲ್ಲಿ ಫೇಮಾ ಕಂಪನಿಯ ಇ61 ಯಂತ್ರ ಒತ್ತಡ ಹಾಕುವ ಕೆಲಸವನ್ನು ವಿದ್ಯುತ್ ಪಂಪಿಗೆ ಒಪ್ಪಿಸಿತು. ಇಂದಿಗೂ ಎಸ್ಪ್ರೆಸೊಗೆ ಒಪ್ಪಿತ ಒತ್ತಡ ಸುಮಾರು 9 ಬಾರ್. ಪಂಪ್‌ಸೆಟ್ಟುಗಳ ತವರಾದ ಕೊಯಮತ್ತೂರು ಸೀಮೆಯವರಿಗೆ ಇದನ್ನು ಅವರ ಲೆಕ್ಕದಲ್ಲೇ ಹೇಳಬಹುದು: 300 ಅಡಿ ಆಳದ ಬೋರ್‌ವೆಲ್‌ನಿಂದ ನೀರೆತ್ತಲು ಎಷ್ಟು ಒತ್ತಡ ಬೇಕೋ, ಒಂದು ಹಿಡಿ ಕಾಫಿಪುಡಿಯ ಮೇಲೆ ಬೀಳುವುದೂ ಅಷ್ಟೇ ಒತ್ತಡ.

ಇಷ್ಟು ಒತ್ತಡದ ನೀರಿಗೆ ಪುಡಿಯಲ್ಲಿ ಕೂದಲೆಳೆಯಷ್ಟು ಬಿರುಕು ಸಿಕ್ಕರೂ ಸಾಕು, ಎಲ್ಲವೂ ಅಲ್ಲಿಂದಲೇ ನುಗ್ಗುತ್ತದೆ. ಆ ಜಾಗದ ಪುಡಿ ಅತಿಯಾಗಿ ಸೋಸಿ ಕಹಿ ಬಿಡುತ್ತದೆ, ಉಳಿದ ಪುಡಿ ಅರೆಬರೆ ನೆಂದು ಹುಳಿಯಾಗಿಯೇ ಉಳಿಯುತ್ತದೆ. ಒಂದೇ ಕಪ್ಪಿನಲ್ಲಿ ಹುಳಿಯೂ ಕಹಿಯೂ ಸೇರಿಬರುವುದು ಹೀಗೆ. ಫಿಲ್ಟರ್‌ನಲ್ಲಿ ನೀರು ತನ್ನ ಭಾರದಿಂದ ನಿಧಾನವಾಗಿ ಇಳಿಯುವುದರಿಂದ ಪುಡಿ ಕೊಂಚ ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಎಸ್ಪ್ರೆಸೊದಲ್ಲಿ ಎಲ್ಲವೂ 25ರಿಂದ 30 ಸೆಕೆಂಡಿನೊಳಗೆ ಮುಗಿಯಬೇಕು, ತಪ್ಪು ತಿದ್ದಿಕೊಳ್ಳಲು ಸಮಯವೇ ಇರುವುದಿಲ್ಲ.

ಹಾಗಾಗಿ ಮೊದಲ ದುಡ್ಡು ಗ್ರೈಂಡರಿಗೆ. ಊತ್ತುಕುಳಿ ಕಡೆಯ ಕಲ್ಲಿನಿಂದ ಹೆಸರಾದ, ಭೌಗೋಳಿಕ ಸೂಚಕ ಮಾನ್ಯತೆಯನ್ನೂ ಪಡೆದ ಕೊಯಮತ್ತೂರು ವೆಟ್ ಗ್ರೈಂಡರಿನ ನಾಡಿನಲ್ಲಿ, ರುಬ್ಬುವ ಸಾಧನದಿಂದ ರುಚಿ ಬದಲಾಗುತ್ತದೆ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮಿಕ್ಸಿಯ ಬ್ಲೇಡು ಬೀಜವನ್ನು ಬಡಿದು ಚೂರು ಮಾಡುತ್ತದೆ, ಅದರಲ್ಲಿ ಹಿಟ್ಟೂ ಇರುತ್ತದೆ, ತರಿಯೂ ಇರುತ್ತದೆ. ಬರ್ ಗ್ರೈಂಡರಿನ ಹಲ್ಲುಗಳ ನಡುವೆ ಬೀಜ ಸಾಕಷ್ಟು ಒಂದೇ ಗಾತ್ರಕ್ಕೆ ಪುಡಿಯಾಗುತ್ತದೆ. ಕೊಳ್ಳುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ: ಎಸ್ಪ್ರೆಸೊಗೆ ಬೇಕಾದ ನುಣುಪಿನ ಆಸುಪಾಸಿನಲ್ಲಿ ಹಂತಗಳು ಎಷ್ಟಿವೆ? ಒಂದು ಹಂತ ತಿರುಗಿಸಿದರೆ ಕಾಫಿ ಇಳಿಯುವ ಹೊತ್ತು ಹತ್ತಿಪ್ಪತ್ತು ಸೆಕೆಂಡು ಹಿಂದೆಮುಂದೆ ಆಗುವ ಗ್ರೈಂಡರ್ ಈ ಕೆಲಸಕ್ಕೆ ಒಗ್ಗದು. ದಿನಕ್ಕೆ ಎರಡು ಮೂರು ಕಪ್ ಸಾಕೆನ್ನುವ ಮನೆಗೆ, ಎಸ್ಪ್ರೆಸೊಗೆಂದೇ ಮಾಡಿದ ಕೈ ಗ್ರೈಂಡರ್ ಅದೇ ಬೆಲೆಯ ವಿದ್ಯುತ್ ಗ್ರೈಂಡರಿಗಿಂತ ಒಳ್ಳೆಯ ಪುಡಿ ಕೊಡುವುದು ಸಾಮಾನ್ಯ.

ಅಂಗಡಿಯಲ್ಲಿ ಸಿಗುವ ಫಿಲ್ಟರ್ ಪುಡಿಯನ್ನೇ ಯಂತ್ರಕ್ಕೆ ಹಾಕಬಾರದೇ ಎಂದು ಕೇಳುವವರುಂಟು. ಆ ಪುಡಿ ಎಸ್ಪ್ರೆಸೊಗೆ ತರಿಯಾಗುತ್ತದೆ. ನಮ್ಮ ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಶೇ 49ರವರೆಗೆ ಚಿಕೋರಿ ಇರಬಹುದು. ಡಿಕಾಕ್ಷನ್ನಿಗೆ ಮಂದತನ ಕೊಡುವ ಅದೇ ಚಿಕೋರಿ ಇಲ್ಲಿ ಪುಡಿ ತುಂಬುವ ಬಟ್ಟಲಿನ, ಅಂದರೆ ಬ್ಯಾಸ್ಕೆಟ್ಟಿನ, ಸಣ್ಣ ತೂತುಗಳನ್ನು ಕಟ್ಟಿಸುತ್ತದೆ. ಚಿಕೋರಿ ಬೆರೆಸದ, ಹುರಿದ ದಿನಾಂಕವನ್ನು ಪೊಟ್ಟಣದ ಮೇಲೆ ಮುದ್ರಿಸಿದ ಬೀಜ ಕೊಳ್ಳುವುದೇ ಸರಿ. ಹುರಿದು ಒಂದು ವಾರದಿಂದ ಒಂದು ತಿಂಗಳೊಳಗಿನ ಬೀಜ ಎಸ್ಪ್ರೆಸೊಗೆ ಚೆನ್ನಾಗಿ ಹೊಂದುತ್ತದೆ.

ಎರಡನೆಯದು 0.1 ಗ್ರಾಂವರೆಗೆ ತೋರಿಸುವ ತೂಕದ ಯಂತ್ರ. ಕೆಲವೇ ನೂರು ರೂಪಾಯಿಗೆ ಸಿಗುವ ಪುಟ್ಟ ಡಿಜಿಟಲ್ ತಕ್ಕಡಿಯೂ ಸಾಕು, ಆದರೆ ಕಪ್ ಇಡಲು ಜಾಗವಿರಬೇಕು, ಯಂತ್ರದ ಟ್ರೇ ಮೇಲೆ ಕೂರಬೇಕು. ಲೆಕ್ಕ ಸರಳ: 18 ಗ್ರಾಂ ಪುಡಿ, 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡು. ಹದಿನೈದೇ ಸೆಕೆಂಡಿಗೆ 36 ಗ್ರಾಂ ತುಂಬಿ ಕಾಫಿ ತೆಳ್ಳಗೆ, ಹುಳಿಯಾಗಿದ್ದರೆ ಪುಡಿ ಇನ್ನೂ ನುಣ್ಣಗಾಗಬೇಕು. ಮುಕ್ಕಾಲು ನಿಮಿಷವಾದರೂ ಹನಿಹನಿಯಾಗಿಯೇ ಬೀಳುತ್ತಿದ್ದರೆ ಪುಡಿ ಕೊಂಚ ತರಿಯಾಗಬೇಕು. ಪುಡಿಯ ತೂಕ ಹಾಗೇ ಇರಲಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿದರೆ ತಪ್ಪು ಎಲ್ಲಿದೆಯೆಂದು ತಿಳಿಯುತ್ತದೆ.

ಟ್ಯಾಂಪರಿನಲ್ಲಿ ಮುಖ್ಯವಾದದ್ದು ಅಳತೆ. ಮನೆ ಯಂತ್ರಗಳ ಬ್ಯಾಸ್ಕೆಟ್ 51, 54, 58 ಮಿಲಿಮೀಟರ್ ಹೀಗೆ ಬೇರೆ ಬೇರೆ. ಡೆಲಾಂಗಿ ಡೆಡಿಕಾದ್ದು 51, ಗಾಜಿಯಾ ಕ್ಲಾಸಿಕ್‌ನದ್ದು 58. ಯಂತ್ರದ ಜೊತೆ ಬರುವ ಪ್ಲಾಸ್ಟಿಕ್ ಟ್ಯಾಂಪರ್ ಹೆಚ್ಚಾಗಿ ಬ್ಯಾಸ್ಕೆಟ್ಟಿಗಿಂತ ಸಣ್ಣದಿದ್ದು, ಅಂಚಿನ ಪುಡಿ ಅಮುಕಿಗೆ ಸಿಗದೆ ಉಳಿಯುತ್ತದೆ. ನೀರು ಆ ಅಂಚಿನಿಂದಲೇ ದಾರಿ ಮಾಡಿಕೊಳ್ಳುತ್ತದೆ. ವರ್ನಿಯರ್ ಹಿಡಿದು ಬ್ಯಾಸ್ಕೆಟ್ಟಿನ ಒಳವ್ಯಾಸ ಅಳೆದು, ಅದಕ್ಕೆ ಬಿಗಿಯಾಗಿ ಕೂರುವ ಸ್ಟೀಲ್ ಟ್ಯಾಂಪರ್ ಕೊಳ್ಳಬೇಕು. ಸರಿಯಾದ ಅಳತೆ ಸಿಗದಿದ್ದರೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ತಿರುವಿಕೊಡುವ ಲೇತ್ ವರ್ಕ್‌ಶಾಪ್‌ಗಳಿಗೆ ಕೊಯಮತ್ತೂರಿನಲ್ಲಿ ಬರವಿಲ್ಲ. ಎಷ್ಟು ಬಲ ಹಾಕಬೇಕೆಂಬ ಚರ್ಚೆ ಬೇಡ. ಪುಡಿ ಸಮತಟ್ಟಾಗಿ, ಇನ್ನು ಅಮುಕಲಾಗದಷ್ಟು ಗಟ್ಟಿಯಾದರೆ ಆಯಿತು.

ಅಮುಕುವ ಮುನ್ನ ಪುಡಿಯ ಗಂಟು ಒಡೆಯಲು ಸೂಜಿಗಳ ಉಪಕರಣ ಬಳಸುತ್ತಾರೆ. 2005ರಲ್ಲಿ ಜಾನ್ ವೈಸ್ ಎಂಬ ಅಮೆರಿಕದ ಕಾಫಿಪ್ರಿಯರು ಇದನ್ನು ಪ್ರಚಾರಕ್ಕೆ ತಂದರು, ವೈಸ್ ಡಿಸ್ಟ್ರಿಬ್ಯೂಷನ್ ಟೆಕ್ನಿಕ್ ಎಂಬುದರ ಮೊದಲಕ್ಷರಗಳಿಂದಲೇ ಇದಕ್ಕೆ ಡಬ್ಲ್ಯುಡಿಟಿ ಎಂಬ ಹೆಸರು. ಅರ್ಧ ಮಿಲಿಮೀಟರಿಗಿಂತ ತೆಳುವಾದ ನಾಲ್ಕಾರು ಸೂಜಿಗಳನ್ನು ಒಂದು ಬೆಂಡಿಗೆ ಚುಚ್ಚಿಕೊಂಡರೆ ಮನೆಯಲ್ಲೇ ಸಿದ್ಧ. ತಳದಿಂದ ಮೇಲಕ್ಕೆ ಮೆಲ್ಲನೆ ಕಲಕುತ್ತ ಬಂದರೆ ಗಂಟುಗಳು ಒಡೆದು ಪುಡಿ ಹುಡಿಹುಡಿಯಾಗಿ ಹರಡುತ್ತದೆ. ಇಷ್ಟು ಅಗ್ಗಕ್ಕೆ ಇಷ್ಟು ಲಾಭ ಕೊಡುವ ಉಪಕರಣ ಪಟ್ಟಿಯಲ್ಲಿ ಮತ್ತೊಂದಿಲ್ಲ.

ತಳವಿಲ್ಲದ ಪೋರ್ಟಾಫಿಲ್ಟರ್ ರುಚಿಯನ್ನು ಹೆಚ್ಚಿಸುವುದಿಲ್ಲ, ತಪ್ಪನ್ನು ತೋರಿಸುತ್ತದೆ. ಎಲ್ಲ ಸರಿಯಿದ್ದರೆ ಜಾಲರಿಯ ತುಂಬ ಕಂದು ಹನಿಗಳು ಮೂಡಿ, ನಡುವಿಗೆ ಸೇರಿ, ಒಂದೇ ಎಳೆಯಾಗಿ ಇಳಿಯುತ್ತವೆ. ಒಂದು ಮೂಲೆಯಿಂದ ಬಿಳಿಚಿಕೊಂಡ ಎಳೆ ಚಿಮ್ಮಿದರೆ ಪುಡಿ ಅಲ್ಲಿ ಬಿರಿದಿದೆ ಎಂದರ್ಥ. ಕಲಿಯುವವರಿಗೆ ಇದು ಒಳ್ಳೆಯ ಗುರು. ಪಕ್ ಸ್ಕ್ರೀನ್ ಯಂತ್ರದ ಬಾಯಿಯನ್ನು ಚೊಕ್ಕಟವಾಗಿಡುತ್ತದೆ, ಆದರೆ ಅದಿಲ್ಲದೆಯೂ ಕಾಫಿ ಚೆನ್ನಾಗಿ ಬರುತ್ತದೆ. ಚರಟದ ಡಬ್ಬಿಯ ಬದಲು ಮನೆಯ ಕಸದ ಬುಟ್ಟಿಯೇ ಸಾಕು, ಚರಟ ಗಿಡದ ಬುಡಕ್ಕೆ ಹೋದರೆ ಇನ್ನೂ ಒಳ್ಳೆಯದು.

ಹಾಲನ್ನು ಹಬೆಯಿಂದ ನೊರೆಗಟ್ಟಿಸಲು ಮೂತಿಯಿರುವ ಸ್ಟೀಲ್ ಜಗ್ ಬೇಕು. ಪಾತ್ರೆ ತಯಾರಿಕೆಗೆ ಹೆಸರಾದ ತಿರುಪ್ಪೂರಿನ ಅನುಪ್ಪರ್‌ಪಾಳ್ಯಂ ಹತ್ತಿರದಲ್ಲೇ ಇರುವಾಗ ವಿದೇಶಿ ಬ್ರ್ಯಾಂಡಿನ ಹೆಸರಿಗಾಗಿ ಹೆಚ್ಚು ಕೊಡಬೇಕಿಲ್ಲ. ನೊರೆ ಹಿಡಿದಿಡುವುದು ಹಾಲಿನ ಪ್ರೋಟೀನ್, ಬಾಯಿಗೆ ಮಂದ ಅನಿಸುವಂತೆ ಮಾಡುವುದು ಕೊಬ್ಬು. ಶೇ 3 ಕೊಬ್ಬಿನ ಟೋನ್ಡ್ ಹಾಲೂ ಚೆನ್ನಾಗಿ ನೊರೆಗಟ್ಟುತ್ತದೆ, ಶೇ 6ರ ಗಟ್ಟಿ ಹಾಲು ಹೆಚ್ಚು ತುಂಬಿದ ರುಚಿ ಕೊಡುತ್ತದೆ. ಹಾಲು ತಣ್ಣಗಿರಬೇಕು, ಜಗ್ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾದೊಡನೆ, ಅಂದರೆ ಸುಮಾರು 60 ಡಿಗ್ರಿಗೆ, ಹಬೆ ನಿಲ್ಲಿಸಬೇಕು.

ಪಟ್ಟಿಯಲ್ಲಿ ಕಾಣಿಸದ, ಆದರೆ ಈ ಸೀಮೆಯಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ನೀರು. ಕೊಯಮತ್ತೂರು ನಗರಕ್ಕೆ ಸಿರುವಾಣಿಯ ಸಿಹಿನೀರಿದೆ. ಪೂರ್ವಕ್ಕೆ ಬಂದಂತೆ ಬೋರ್‌ವೆಲ್ ನೀರಿನ ಗಡಸು ಹೆಚ್ಚುತ್ತದೆ. ತಿರುಪ್ಪೂರಿನ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳ ತ್ಯಾಜ್ಯ ನೊಯ್ಯಲ್ ನದಿಗೆ ಸೇರಿ, ಕಾಂಗೇಯಂ ಕಡೆಯ ಓರತ್ತುಪಾಳ್ಯಂ ಅಣೆಕಟ್ಟಿನ ನೀರೇ ಕೆಟ್ಟುಹೋಗಿತ್ತು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಆ ಕಾರ್ಖಾನೆಗಳನ್ನು ಮುಚ್ಚಿಸುವವರೆಗೂ ವಿಷಯ ಬೆಳೆಯಿತು. ಈ ಭಾಗದ ಜನಕ್ಕೆ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ, ಎಂಬ ಮಾತು ಹೊಸದಲ್ಲ.

ಎಸ್ಪ್ರೆಸೊಗೆ ಲೀಟರಿಗೆ ಸುಮಾರು 150 ಮಿಲಿಗ್ರಾಂ ಟಿಡಿಎಸ್ ಇರುವ ನೀರು ಚೆನ್ನ. ಗಡಸು ನೀರು ಬಾಯ್ಲರಿನಲ್ಲಿ ಸುಣ್ಣ ಕಟ್ಟಿಸಿ ಯಂತ್ರವನ್ನೇ ಕೆಡಿಸುತ್ತದೆ. ಲವಣವೇ ಇಲ್ಲದಂತೆ ಶೋಧಿಸಿದ ಆರ್‌ಒ ನೀರಿನಲ್ಲಿ ಕಾಫಿ ಸಪ್ಪೆಯಾಗುತ್ತದೆ, ಕೆಲವು ಯಂತ್ರಗಳ ಸೆನ್ಸರಿಗೆ ತೊಟ್ಟಿಯಲ್ಲಿ ನೀರಿದೆಯೆಂಬುದೇ ಗೊತ್ತಾಗುವುದಿಲ್ಲ. ಆರ್‌ಒ ಯಂತ್ರದ ಟಿಡಿಎಸ್ ತಿರುಪು ತಿರುಗಿಸಿಯೋ, ಒಳ್ಳೆಯ ಕುಡಿಯುವ ನೀರನ್ನು ಸ್ವಲ್ಪ ಬೆರೆಸಿಯೋ ಹದಕ್ಕೆ ತರಬಹುದು. ಪುಟ್ಟ ಟಿಡಿಎಸ್ ಮೀಟರಿನ ಬೆಲೆ ಒಂದು ಒಳ್ಳೆಯ ಟ್ಯಾಂಪರಿಗಿಂತ ಕಡಿಮೆ.

ನೀರಿನ ಪರೀಕ್ಷೆ ಮುಗಿದ ಮೇಲೆ ಕೊಳ್ಳುವ ಕ್ರಮ ಹೀಗಿರಲಿ: ಗ್ರೈಂಡರ್, ತೂಕದ ಯಂತ್ರ, ಅಳತೆಗೆ ಕೂರುವ ಟ್ಯಾಂಪರ್, ಸೂಜಿ. ಇಷ್ಟರಲ್ಲಿ ಒಂದು ತಿಂಗಳು ಕಾಫಿ ಮಾಡಿ ನೋಡಿ. ಆಮೇಲೆ ಕಣ್ಣಿಗೆ ಕಂಡ ಕೊರತೆಯೊಂದಿದ್ದರೆ, ಅದನ್ನು ನೀಗುವ ವಸ್ತುವನ್ನಷ್ಟೇ ಕೊಳ್ಳಿ. ಉಳಿದ ದುಡ್ಡನ್ನು ಚಿಕ್ಕಮಗಳೂರು, ಕೊಡಗು, ಬಿಳಿಗಿರಿರಂಗನ ಬೆಟ್ಟದ ಒಳ್ಳೆಯ ಬೀಜಕ್ಕೆ ಇಡಿ.