ವಕ್ರಪಾದವೂ ವಾರದ ಬಸ್ಸೂ

ಶ್ರೀಕಂಠೇಶ್ವರನನ್ನು ರೋಗಹರನೆಂದು ನಂಬಿದ, ಟಿಪ್ಪು ಸುಲ್ತಾನನೇ ಆತನನ್ನು ‘ಹಕೀಂ ನಂಜುಂಡ’ನೆಂದು ಕರೆದನೆಂಬ ಪ್ರತೀತಿಯುಳ್ಳ ನಂಜನಗೂಡಿನಲ್ಲಿ, ಕಾಲು ಸೊಟ್ಟಗಿರುವ ಕೂಸು ಹುಟ್ಟಿದ ಮನೆಯವರು ಹರಕೆ ಹೊರುವುದು ಸಹಜವೇ ಸರಿ. ಹರಕೆಯಿಂದ ಹಾನಿಯಿಲ್ಲ, ಬಸುರಿಯಾಗಿದ್ದಾಗ ಗ್ರಹಣ ಕಂಡಳೆಂದು ತಾಯಿಯನ್ನು ಹಳಿಯುತ್ತ, ಬೆಳೆದಂತೆ ತಾನೇ ಸರಿಹೋದೀತೆಂದು ತಿಂಗಳುಗಳನ್ನು ಕಳೆಯುವುದರಿಂದ ಹಾನಿಯುಂಟು.

ಹಿಮ್ಮಡಿ ಮೇಲಕ್ಕೆ ಸೆಳೆದು, ಪಾದ ಒಳಕ್ಕೆ ತಿರುಚಿ, ಒಂದು ಅಂಗಾಲು ಮತ್ತೊಂದನ್ನು ನೋಡುವಂತಿರುವ ಈ ಸ್ಥಿತಿಗೆ ವೈದ್ಯರು ಕ್ಲಬ್‌ಫುಟ್ ಎನ್ನುತ್ತಾರೆ. ಸಾವಿರ ಶಿಶುಗಳಲ್ಲಿ ಸುಮಾರು ಒಂದಕ್ಕೆ ಬರುವ ಇದು ಗಂಡುಮಕ್ಕಳಲ್ಲಿ ಇಮ್ಮಡಿ. ಅರ್ಧದಷ್ಟು ಮಕ್ಕಳಲ್ಲಿ ಎರಡು ಪಾದಗಳೂ ವಕ್ರ. ಬಹುಪಾಲು ಪ್ರಸಂಗಗಳಲ್ಲಿ ಕಾರಣ ಅಜ್ಞಾತ, ಗ್ರಹಣವಂತೂ ಅಲ್ಲ.

ಸ್ಪೇನ್ ದೇಶದಲ್ಲಿ 1914ರಲ್ಲಿ ಜನಿಸಿ, ಅಮೆರಿಕದ ಅಯೋವಾದಲ್ಲಿ ನೆಲೆಸಿದ ಇಗ್ನಾಸಿಯೊ ಪೊನ್ಸೆಟಿ ಎಂಬ ವೈದ್ಯರು, ಶಸ್ತ್ರಚಿಕಿತ್ಸೆಗೊಳಗಾದ ಪಾದಗಳು ಮುಂದೆ ಬಿರುಸಾಗಿ ನೋಯುವುದನ್ನು ಕಂಡು, ಎಳೆಯ ಸ್ನಾಯುಬಂಧಗಳ ಮೃದುತ್ವವನ್ನೇ ಆಶ್ರಯಿಸಿ ಒಂದು ಕ್ರಮವನ್ನು ರೂಪಿಸಿದರು. 1963ರಲ್ಲಿ ಪ್ರಕಟವಾದ ಅದನ್ನು ಲೋಕವು ಮೂವತ್ತು ವರ್ಷ ಬಹುಮಟ್ಟಿಗೆ ಉಪೇಕ್ಷಿಸಿತು. ಅಷ್ಟು ಸರಳವಾದುದು ಫಲಿಸೀತೆಂದು ಪಂಡಿತರಿಗೆ ನಂಬಿಕೆ ಬರಲಿಲ್ಲವೇನೋ!

ಕ್ರಮವಿಷ್ಟೆ: ವೈದ್ಯನು ಹೆಬ್ಬೆರಳನ್ನು ಹೊರಬದಿಯಲ್ಲಿ ಕಣಕಾಲು ಮೂಳೆಯ ತಲೆಗೆ ಒತ್ತಾಗಿರಿಸಿ ಪಾದವನ್ನು ಒಂದಿಷ್ಟೇ ಹೊರಕ್ಕೆ ತಿರುಗಿಸಿ, ತೊಡೆಯ ಬುಡದಿಂದ ಬೆರಳ ತುದಿಯವರೆಗೆ ಪ್ಲಾಸ್ಟರ್ ಕಟ್ಟುತ್ತಾನೆ, ವಾರಕ್ಕೊಮ್ಮೆ ಬಿಚ್ಚಿ, ಮತ್ತಷ್ಟು ತಿರುಗಿಸಿ, ಮತ್ತೆ ಕಟ್ಟುತ್ತಾನೆ. ಹೀಗೆ ಐದಾರು ಬಾರಿ. ಬಳಿಕ ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಸ್ನಾಯುರಜ್ಜುವನ್ನು ಸಣ್ಣ ಅಲಗಿನಿಂದ ಕತ್ತರಿಸಬೇಕಾಗುತ್ತದೆ. ಮೂರು ವಾರದ ಕೊನೆಯ ಕಟ್ಟಿನೊಳಗೆ ಅದು ಉದ್ದವಾಗಿ ಕೂಡಿಕೊಳ್ಳುತ್ತದೆ. ಕಟ್ಟು ಬಿಗಿಯಾಯಿತೇ ಎಂದು ತಿಳಿಯಲು ತಾಯಿ ಕೂಸಿನ ಬೆರಳನ್ನು ಅದುಮಿ ನೋಡಬೇಕು: ಬೆಳ್ಳಗಾದದ್ದು ಥಟ್ಟನೆ ಕೆಂಪೇರಿದರೆ ಕ್ಷೇಮ. ಕಟ್ಟು ನೆನೆಯಬಾರದಾದ್ದರಿಂದ ಅಷ್ಟು ವಾರ ಎಣ್ಣೆನೀರು ಎರೆಯುವಂತಿಲ್ಲವೆಂಬ ಮಾತು ಅಜ್ಜಿಯರಿಗೆ ರುಚಿಸುವುದಲ್ಲ.

ಕಟ್ಟು ಅಗ್ಗ, ದಾರಿ ದುಬಾರಿ. ನಂಜನಗೂಡಿನಿಂದ, ಕಟ್ಟು ಹಾಕಿಸಲು ಹೋಗಬೇಕಾದ ಮೈಸೂರಿಗೆ ಸುಮಾರು 25 ಕಿಲೋಮೀಟರು, ಕಾವೇರಿ-ಕಪಿಲೆಯರ ಸಂಗಮದ ತಿರುಮಕೂಡಲು ನರಸೀಪುರದಿಂದ ಸುಮಾರು 30. ಆದರೆ ಹಳ್ಳಿಯಿಂದ ಪೇಟೆಗೆ ಒಂದು ಬಸ್ಸು, ಪೇಟೆಯಿಂದ ಮೈಸೂರಿಗೆ ಇನ್ನೊಂದು, ನಡುವೆ ಹೋದ ಒಂದು ದಿನದ ಕೂಲಿ, ಇದು ವಾರವಾರವೂ.

ಅದಕ್ಕಿಂತ ಕಠಿನವಾದುದು ಕೊನೆಯ ಕಟ್ಟು ಬಿಚ್ಚಿದ ಮೇಲೆ ತೊಡಿಸುವ ಪಾದುಕೆ. ಭುಜದಗಲದ ಸರಳಿಗೆ ಜೋಡಿಸಿದ ಎರಡು ಪುಟ್ಟ ಬೂಟುಗಳನ್ನು ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕೈದು ವರ್ಷದವರೆಗೆ ನಿದ್ದೆಯ ಹೊತ್ತಿನಲ್ಲಿ ತೊಡಿಸಬೇಕು. ನೆಟ್ಟಗಾದ ಪಾದ ಪುನಃ ಸೊಟ್ಟಗಾಗುವುದು, ಮಗು ಅತ್ತಿತೆಂದು ಇದನ್ನು ಬಿಚ್ಚಿಟ್ಟ ಮನೆಗಳಲ್ಲೇ ಹೆಚ್ಚು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಈ ದೋಷವೂ ಸೇರಿದ್ದು, ಚಿಕಿತ್ಸೆ ಉಚಿತ. ಬಸ್ಸಿನ ಖರ್ಚನ್ನೂ ಕಳೆದ ಕೂಲಿಯನ್ನೂ ಯಾರು ಲೆಕ್ಕಕ್ಕೆ ತಂದುಕೊಂಡಾರು? ಉಗಾಂಡಾದಲ್ಲಿ ಪೂರ್ಣ ವೈದ್ಯರಲ್ಲದ, ತರಬೇತಿ ಪಡೆದ ಸಿಬ್ಬಂದಿಯೇ ಈ ಕಟ್ಟುಗಳನ್ನು ಹಾಕುತ್ತಾರೆ. ಆ ವಿದ್ಯೆಯನ್ನು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೂ ಕಲಿಸಬಹುದು. ಅಲ್ಲಿಯವರೆಗೆ, ಕೂಸಿನ ಪಾದ ಒಳಕ್ಕೆ ತಿರುಗಿದ್ದನ್ನು ಕಂಡವರು ಅದೇ ವಾರ ಆಶಾ ಕಾರ್ಯಕರ್ತೆಗೆ ತಿಳಿಸಿರಿ.